ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕೊಡುವುದು ಏಕೆ?

ತಾಯಿಯವರ ಥೈರಾಯ್ಡ್ ಗ್ರಂಥಿಯನ್ನು ಕ್ಯಾನ್ಸರಿನ ಕಾರಣ ತೆಗೆದಿದ್ದಾರೆ, ಈಗ ವಿಕಿರಣಶೀಲ ಅಯೋಡಿನ್ ಕೊಟ್ಟು ಪ್ರತ್ಯೇಕ ಕೋಣೆಯಲ್ಲಿ ಇರಿಸುತ್ತಾರಂತೆ, ಮನೆಗೆ ಬಂದ ಮೇಲೆ ಮಕ್ಕಳಿಗೆ ಅಪಾಯವಿಲ್ಲವೇ ಎಂದು ಕೇಳಿದ್ದೀರಿ. ವಿಕಿರಣಶೀಲ ವಸ್ತುಗಳಿಂದ ರೋಗ ಪತ್ತೆ ಮಾಡಿ ಚಿಕಿತ್ಸೆ ಕೊಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿರುವ ನಾನು ಈ ಆತಂಕವನ್ನು ಹತ್ತಿರದಿಂದ ಕಂಡವನು.

ಹಾರ್ಮೋನ್ ತಯಾರಿಸಲು ಥೈರಾಯ್ಡ್ ಕೋಶಗಳಿಗೆ ಅಯೋಡಿನ್ ಬೇಕೇ ಬೇಕು. ರಕ್ತದಲ್ಲಿ ಬಂದದ್ದನ್ನು ಅವು ಹೀರಿ ಕೂಡಿಟ್ಟುಕೊಳ್ಳುತ್ತವೆ. ಪ್ಯಾಪಿಲರಿ, ಫಾಲಿಕ್ಯುಲರ್ ಎಂಬ ಬಗೆಯ ಕ್ಯಾನ್ಸರ್ ಕೋಶಗಳು ಶ್ವಾಸಕೋಶಕ್ಕೆ ಹರಡಿದ್ದರೂ ಅನೇಕ ಬಾರಿ ಈ ಗುಣವನ್ನು ಬಿಟ್ಟಿರುವುದಿಲ್ಲ. ನಾವು ಕೊಡುವ ವಿಕಿರಣಶೀಲ ಅಯೋಡಿನ್, ಅಂದರೆ ಅಯೋಡಿನ್-131, ಅಲ್ಲಿಗೆ ತಲುಪಿದ ಮೇಲೆ ಹೊಮ್ಮುವ ಬೀಟಾ ಕಣಗಳು ಒಂದೆರಡು ಮಿಲಿಮೀಟರಿನೊಳಗೇ ನಿಂತು ಆ ಕೋಶಗಳನ್ನು ಕೊಲ್ಲುತ್ತವೆ. ಅದರಿಂದಲೇ ಹೊಮ್ಮುವ ಗಾಮಾ ಕಿರಣಗಳು ಮೈಯಿಂದ ಹೊರಬಂದು ಕ್ಯಾಮೆರಾಕ್ಕೆ ಸಿಗುತ್ತವೆ. ಆದ್ದರಿಂದ ಕೆಲವು ದಿನಗಳ ನಂತರದ ಸ್ಕ್ಯಾನಿನಲ್ಲಿ, ಅಯೋಡಿನ್ ಸೇರಿದ ಕಡೆಯೆಲ್ಲ ಕಪ್ಪು ಚುಕ್ಕೆಗಳು ಮೂಡುತ್ತವೆ. ರೋಗವನ್ನು ತೋರಿಸುವುದೂ ಕೊಲ್ಲುವುದೂ ಒಂದೇ ವಸ್ತು. ಇಷ್ಟು ವರ್ಷಗಳ ನಂತರವೂ ನನಗೆ ಇದು ಅಚ್ಚರಿಯೇ. 1941ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಜ್ ಎಂಬ ವೈದ್ಯರು ಅತಿಯಾಗಿ ಕೆಲಸ ಮಾಡುವ ಥೈರಾಯ್ಡಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟಾಗ ಈ ಚಿಕಿತ್ಸೆಯ ದಾರಿ ತೆರೆಯಿತು.

ಔಷಧಕ್ಕೆ ಮುಂಚೆ ಒಂದೆರಡು ವಾರ ಅಯೋಡಿನ್ ಬೆರೆತ ಉಪ್ಪು, ಸಮುದ್ರದ ಮೀನು, ಹಾಲು ಬೇಡ ಎನ್ನುವುದು ಕೋಶಗಳು ಹಸಿದಿರಲಿ ಎಂದು. ಅಂಗಡಿಯ ಉಪ್ಪಿನಕಾಯಿ, ಹಪ್ಪಳದಲ್ಲೂ ಅದೇ ಉಪ್ಪು ಇರಬಹುದು ಎಂಬುದನ್ನು ಮರೆಯಬೇಡಿ.

ಸೀಸದ ದಪ್ಪ ಡಬ್ಬಿಯಿಂದ ಒಂದು ಸಣ್ಣ ಕ್ಯಾಪ್ಸೂಲ್ ತೆಗೆದುಕೊಡುತ್ತೇವೆ. ನುಂಗಿದ ಮೇಲೆ ಹೆಚ್ಚಿನ ಭಾಗ ಮೊದಲ ಎರಡು ದಿನಗಳಲ್ಲೇ ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದು 8 ದಿನಗಳಿಗೊಮ್ಮೆ ತಾನಾಗಿಯೇ ಅರ್ಧವಾಗುತ್ತದೆ. ನೀರು ಚೆನ್ನಾಗಿ ಕುಡಿಯಲಿ, ಶೌಚಾಲಯಕ್ಕೆ ಎರಡು ಸಲ ನೀರು ಹಾಕಲಿ. ಬಿಡುಗಡೆಗೆ ಮುಂಚೆ ಒಂದು ಮೀಟರ್ ದೂರದಲ್ಲಿ ವಿಕಿರಣ ಅಳೆಯುವ ಉಪಕರಣ ಹಿಡಿದು ಅಳೆದು, ವಿಕಿರಣ ಮಿತಿಯೊಳಗಿದ್ದರೆ ಮಾತ್ರ ಕಳುಹಿಸುತ್ತೇವೆ.

ಮನೆಯಲ್ಲಿ ಕೆಲವು ದಿನ ಬೇರೆ ಮಲಗಬೇಕು. ಮಕ್ಕಳು, ಗರ್ಭಿಣಿಯರು ಹತ್ತಿರ ಕೂರಬಾರದು. ಎಷ್ಟು ದಿನ ಎಂಬುದು ಕೊಟ್ಟ ಪ್ರಮಾಣಕ್ಕೆ ತಕ್ಕಂತೆ ಡಿಸ್ಚಾರ್ಜ್ ಪತ್ರದಲ್ಲಿ ಇರುತ್ತದೆ. ಆರು ತಿಂಗಳ ನಂತರ ತಪಾಸಣೆಗೆ ಬಂದ ಒಬ್ಬ ಮಹಿಳೆ, ಮನೆಯಲ್ಲಿ ಇನ್ನೂ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಾರೆ ಎಂದು ಅತ್ತದ್ದನ್ನು ನಾನು ಮರೆತಿಲ್ಲ. ಅಷ್ಟು ಹೊತ್ತಿಗೆ ಆ ಭಯಕ್ಕೆ ಕಾರಣವೇ ಉಳಿದಿರಲಿಲ್ಲ. ಅಂತರ ಇಮ್ಮಡಿಯಾದರೆ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಆ ಮೊದಲ ದಿನಗಳಲ್ಲೂ ತಾಯಿ ಜಗಲಿಯ ಒಂದು ತುದಿಯಲ್ಲಿ, ನೀವು ಇನ್ನೊಂದು ತುದಿಯಲ್ಲಿ ಕುಳಿತು ಮಾತನಾಡಬಹುದು.