ಜೆಸಿಬಿಯಿಂದ ದೂಡಿಸಬಹುದೇ? ಗುಡ್ಡೆಯ ಮರದ ಪ್ರಶ್ನೆಗಳಿಗೆ ಉತ್ತರ

ದೀಪಾವಳಿ ಕಳೆದು ಗುಡ್ಡೆ ಒಣಗುತ್ತಿದ್ದಂತೆ ಒಂದೇ ಪ್ರಶ್ನೆ ಕಾಸರಗೋಡಿನ ಹಲವು ಊರುಗಳಿಂದ ಬರತೊಡಗುತ್ತದೆ. ಬದಿಯಡ್ಕ, ಎಣ್ಮಕಜೆ, ದೇಲಂಪಾಡಿ, ಪೈವಳಿಕೆ ಎಂದು ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಕಳೆದ ವರ್ಷ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ, ಸಾಲಲಿಲ್ಲ. ಈ ಸಲ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತೇನೆ. ಬೇರೆ ಪ್ರಶ್ನೆ ಕಳುಹಿಸಿದವರು ಮನ್ನಿಸಬೇಕು.

ಪ್ರಶ್ನೆ: ಮನೆಯ ಹಿಂದಿನ ಗುಡ್ಡೆಯ ಇಳಿಜಾರಿನಲ್ಲಿ ಅಜ್ಜನ ಕಾಲದ ಹೆಬ್ಬಲಸಿನ ಮರವಿದೆ. ಬುಡದ ಸುತ್ತಳತೆ ಎಂಟು ಅಡಿ. ಕೆಳಗೆ ಅಡಿಕೆ ತೋಟ. ಮರ ಕಡಿಯುವವರು ನಾಲ್ಕು ದಿನದ ಕೆಲಸ ಎನ್ನುತ್ತಾರೆ. ಜೆಸಿಬಿ ತರಿಸಿ ಮೇಲಿನಿಂದ ದೂಡಿಸಿದರೆ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲವೇ?

ಮುಗಿಯುವುದಿಲ್ಲ. ಮರ ಬೀಳುತ್ತದೆ, ಅಷ್ಟೇ.

ಗರಗಸದಿಂದ ಮರ ಬೀಳಿಸುವಾಗ ಬುಡದ ನಡುವೆ ಒಂದು ಪಟ್ಟಿಯನ್ನು ಕೊಯ್ಯದೆ ಉಳಿಸುತ್ತೇವೆ. ಬಾಗಿಲಿಗೆ ಕೀಲು ಇದ್ದಂತೆ ಅದು. ಮರ ಎತ್ತ ವಾಲಬೇಕು, ಎಷ್ಟು ನಿಧಾನವಾಗಿ ವಾಲಬೇಕು ಎಂಬುದು ಆ ಪಟ್ಟಿಯ ಕೈಯಲ್ಲಿರುತ್ತದೆ. ದೂಡಿಸಿದ ಮರಕ್ಕೆ ಅಂಥ ಕೀಲು ಇಲ್ಲ. ಯಾವ ಬದಿಯ ಬೇರು ಮೊದಲು ಹರಿಯುತ್ತದೋ ಅದರಂತೆ ಅದು ತಿರುಗುತ್ತದೆ. ನಮ್ಮ ಗುಡ್ಡೆಗಳಲ್ಲಿ ಮಣ್ಣು ತೆಳು, ಅಡಿಯಲ್ಲಿ ಮುರಕಲ್ಲು. ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡಿರುತ್ತದೆ. ಮರ ಕೆಳಕ್ಕೆ ವಾಲಿದಾಗ ಮೇಲುಬದಿಯ ಬೇರಿನ ಚಪ್ಪಡಿ ಮಣ್ಣಿನ ಸಮೇತ ಎದ್ದು ನಿಲ್ಲುತ್ತದೆ. ನಿಮ್ಮ ಜೆಸಿಬಿ ನಿಂತಿರುವುದು ಅದೇ ಚಪ್ಪಡಿಯ ಮೇಲೆ. ಚಾಲಕನ ಮನೆಯಲ್ಲೂ ಮಕ್ಕಳಿರುತ್ತಾರೆ.

ಇನ್ನೊಂದು ಮಾತನ್ನು ನೀವು ಯಾರೂ ಬರೆಯುವುದಿಲ್ಲ, ನಾನೇ ಕೇಳಬೇಕಾಗುತ್ತದೆ. ಆ ಗುಡ್ಡೆಯಲ್ಲಿ ಸುರಂಗ ಇದೆಯೇ? ಎಣ್ಮಕಜೆ, ಬಾಯಾರು, ಪೈವಳಿಕೆಯ ಕಡೆ ಹಿರಿಯರು ನೀರಿಗಾಗಿ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ಎಂಬುದು ಈಗಿನ ಮನೆಯವರಿಗೂ ಗೊತ್ತಿರುವುದಿಲ್ಲ. ಏಳೆಂಟು ಟನ್ನಿನ ಯಂತ್ರವನ್ನು ಅದರ ನೆತ್ತಿಯ ಮೇಲೆ ಹತ್ತಿಸಿ ನೀರಿನ ದಾರಿ ಮುಚ್ಚಿಕೊಂಡವರನ್ನು ಕಂಡಿದ್ದೇನೆ. ಮರದ ದುಡ್ಡು ಆ ಸುರಂಗವನ್ನು ಮರಳಿ ತೆಗೆಯುವುದಕ್ಕೂ ಸಾಲಲಿಲ್ಲ.

ಈಗ ನಾಲ್ಕು ದಿನದ ಲೆಕ್ಕ. ಮೊದಲ ದಿನ ಮರ ಹತ್ತುವವರು ಕೊಂಬೆಗಳನ್ನು ಕಡಿದು ಹಗ್ಗದಲ್ಲಿ ಇಳಿಸುತ್ತಾರೆ. ಎರಡನೆಯ ದಿನ ಕಾಂಡ ಬೀಳುತ್ತದೆ. ಉಳಿದ ಎರಡು ದಿನ ದಿಮ್ಮಿ ತುಂಡು ಮಾಡಿ ಕೆಳಗಿಳಿಸುವುದಕ್ಕೆ. ಅಪಾಯ ಹೆಚ್ಚು ಇರುವುದು ಈ ಕೊನೆಯ ಎರಡು ದಿನಗಳಲ್ಲೇ. ಮರ ಬಿತ್ತು ಎಂದು ಎಲ್ಲರೂ ಉಸಿರು ಬಿಟ್ಟು ಹತ್ತಿರ ಬಂದು ನಿಲ್ಲುವುದು ಆಗಲೇ.

ನೇರ ಕೆಳಕ್ಕೆ ಬೀಳಿಸಿದರೆ ಮರ ಸಮನೆಲದಲ್ಲಿ ಬೀಳುವುದಕ್ಕಿಂತ ಹೆಚ್ಚು ದೂರ ಬೀಳುತ್ತದೆ, ವೇಗ ಹೆಚ್ಚುತ್ತದೆ, ನಡುವೆ ಸೀಳಿ ಮೋಪು ಹಾಳಾಗುತ್ತದೆ, ಆಮೇಲೆ ತೋಟದತ್ತ ಜಾರುತ್ತದೆ. ಆದ್ದರಿಂದ ಇಳಿಜಾರಿಗೆ ಅಡ್ಡಲಾಗಿ, ಕೆಳಬದಿಯಲ್ಲಿ ಗಟ್ಟಿ ಬುಡಗಳು ತಡೆಯುವ ಜಾಗ ನೋಡಿ ಬೀಳಿಸಬೇಕು. ಕೆಳಕ್ಕೆ ವಾಲಿದ ಮರವಾದರೆ ಕಾಂಡದ ಎತ್ತರದಲ್ಲಿ ಹಗ್ಗ ಹಾಕಿ ಬದಿಗೆ ಎಳೆಯಬೇಕು. ವಾಲಿದ ಮರವನ್ನು ಹಿಂದಿನಿಂದ ಸುಮ್ಮನೆ ಕೊಯ್ಯುತ್ತಾ ಹೋದರೆ ಕಾಂಡ ಉದ್ದಕ್ಕೆ ಸೀಳಿ, ಸೀಳಿದ ಭಾಗ ಹಿಂದಕ್ಕೆ ಚಿಮ್ಮುತ್ತದೆ. ಅಲ್ಲಿ ನಿಂತವನಿಗೆ ಓಡುವ ಹೊತ್ತು ಸಿಗುವುದಿಲ್ಲ. ಬೀಳುವ ಬದಿಯ ಬುಡದಲ್ಲಿ ಮೊದಲು ಕೊಯ್ಯುವ ಬಾಯಿಯನ್ನು ಎಷ್ಟು ಆಳ ತೆಗೆಯಬೇಕು, ಬೆಣೆ ಎಲ್ಲಿ ಹೊಡೆಯಬೇಕು ಎಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಬರಹದಲ್ಲಿ ಓದಿ ಕಲಿಯಬೇಕಾದವರು ಇಂಥ ಮರವನ್ನು ಮುಟ್ಟಬಾರದು.

ಹಗ್ಗದ ವಿಷಯದಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ರಾಟೆ ಹಾಕಿ ಹಗ್ಗವನ್ನು ಹಿಂದಕ್ಕೆ ತಿರುಗಿಸಿದರೆ, ಆ ರಾಟೆ ಕಟ್ಟಿದ ಆಧಾರದ ಮೇಲೆ ಎಳೆತದ ಸುಮಾರು ಎರಡರಷ್ಟು ಭಾರ ಬೀಳುತ್ತದೆ. ರಾಟೆಯನ್ನು ಅಡಿಕೆ ಮರಕ್ಕೆ ಕಟ್ಟುವವರಿದ್ದಾರೆ. ನೈಲಾನ್ ಹಗ್ಗ ಹಿಗ್ಗಿ ಹರಿದರೆ ಚಾವಟಿಯಂತೆ ಬರುತ್ತದೆ. ಹಗ್ಗ ತಿರುಗಿದ ಒಳಮೂಲೆಯಲ್ಲಿ ಯಾರೂ ನಿಲ್ಲಬಾರದು, ನೋಡಲು ಬಂದ ನೆಂಟರೂ ನಿಲ್ಲಬಾರದು. ಭಾರ ಎಳೆಯುವುದನ್ನೇ ವೃತ್ತಿ ಮಾಡಿಕೊಂಡ ಬೇಪೂರಿನ ಖಲಾಸಿಗಳು 1988ರಲ್ಲಿ ಕೊಲ್ಲಂ ಬಳಿಯ ಪೆರುಮಣ್‌ನಲ್ಲಿ ಅಷ್ಟಮುಡಿ ಹಿನ್ನೀರಿಗೆ ಬಿದ್ದ ರೈಲಿನ ಬೋಗಿಗಳನ್ನು ಹಗ್ಗ, ರಾಟೆ ಹಿಡಿದು ಎಳೆದವರು. ಅಂಥವರು ಎಳೆಯುವ ಮೊದಲು ಆಧಾರವನ್ನು ಪರೀಕ್ಷಿಸುವುದಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು ಒಮ್ಮೆ ನಿಂತು ನೋಡಿ.

ದಿಮ್ಮಿ ಇಳಿಸುವಾಗ ಹಗ್ಗವನ್ನು ಮೇಲಿನ ಗಟ್ಟಿ ಮರಕ್ಕೆ ಎರಡು ಮೂರು ಸುತ್ತು ಸುತ್ತಿ, ಉಜ್ಜಾಟದ ಬಲದಿಂದ ಇಷ್ಟಿಷ್ಟೇ ಸಡಿಲಿಸಬೇಕು. ದಿಮ್ಮಿಯ ಕೆಳಗೆ ಮನುಷ್ಯ ಇರಕೂಡದು. ಹದಿನೆಂಟು ವರ್ಷದ ಹಿಂದೆ ಆದೂರಿನ ಕಡೆಯ ಒಂದು ಗುಡ್ಡೆಯಲ್ಲಿ ಹಲಸಿನ ದಿಮ್ಮಿಯೊಂದು ಬುಡಕ್ಕೆ ತಾಗಿ ನಿಂತಿತ್ತು. ಕೊಡಲಿಯ ಹಿಂಬದಿಯಿಂದ ತಟ್ಟಿ ನೋಡಿದೆ, ಅಲುಗಲಿಲ್ಲ. ‘ನಿಂತಿದೆ, ಹೋಗು’ ಎಂದೆ. ಜತೆಗಾರ ಕೆಳಗೆ ಬಿದ್ದಿದ್ದ ಹಗ್ಗ ಎತ್ತಲು ಹೋದ. ದಿಮ್ಮಿ ಉರುಳಿತು. ಅವನ ಎಡಗಾಲು ಎರಡು ಕಡೆ ಮುರಿಯಿತು. ಅವನು ಮತ್ತೆ ಗುಡ್ಡೆ ಹತ್ತಲಿಲ್ಲ, ಈಗ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ‘ಹೋಗು’ ಎಂಬ ಆ ಮಾತು ನನ್ನದು. ಅಂದಿನಿಂದ ನಿಂತ ದಿಮ್ಮಿಯ ಕೆಳಗೆ ನಾನು ಯಾರನ್ನೂ ಬಿಟ್ಟಿಲ್ಲ, ಮರದ ಯಜಮಾನ ಎಷ್ಟೇ ಅವಸರಿಸಲಿ.

ಅವಸರ ಹೆಚ್ಚಿದ್ದು ಚೈನ್‌ಸಾ ಬಂದ ಮೇಲೆ. ಇಬ್ಬರು ಕೈಗರಗಸ ಎಳೆಯುತ್ತಿದ್ದಾಗ ಇಂಥ ಬುಡಕ್ಕೆ ಅರ್ಧ ದಿನ ಬೇಕಾಗುತ್ತಿತ್ತು. ಆ ಅರ್ಧ ದಿನವೂ ಹಿರಿಯರ ಕಣ್ಣು ಮರದ ತಲೆಯ ಮೇಲೆ, ಕಿವಿ ಬುಡದ ಸದ್ದಿನ ಮೇಲೆ ಇರುತ್ತಿತ್ತು. ದಿಮ್ಮಿ ಎಳೆಯುವ ಆನೆ ನೆಲ ಸರಿಯಿಲ್ಲವೆಂದು ಕಂಡರೆ ಕಾಲೆತ್ತುತ್ತಿರಲಿಲ್ಲ, ಮಾವುತ ಅದನ್ನು ನಂಬುತ್ತಿದ್ದ. ಈಗ ಕೊಯ್ಯುವುದಕ್ಕೆ ಹತ್ತು ನಿಮಿಷ ಸಾಕು, ಗರಗಸದ ಗದ್ದಲದಲ್ಲಿ ಮರದ ಸದ್ದು ಕೇಳುವುದೂ ಇಲ್ಲ. ಎಂಟು ಜನರ ತಂಡ ಮೂವರಿಗೆ ಇಳಿದಿದೆ. ಕೊಯ್ಯುವ ಹೊತ್ತು ಕಡಿಮೆಯಾಯಿತು ಸರಿ, ನೋಡುವ ಹೊತ್ತನ್ನು ಯಾಕೆ ಕಡಿಮೆ ಮಾಡಿದಿರಿ? ನಾಲ್ಕು ದಿನ ಎಂದವರಿಗೆ ಕೆಲಸ ಕೊಡಿ. ಒಂದೇ ದಿನ ಎಂದವರನ್ನು ಚಹಾ ಕೊಟ್ಟು ಕಳುಹಿಸಿ.

ಪ್ರಶ್ನೆ: ವಿದೇಶದಲ್ಲಿ ಕಡಿದಾದ ಗುಡ್ಡದಲ್ಲಿ ಯಂತ್ರವನ್ನೇ ಉಕ್ಕಿನ ಹಗ್ಗದಿಂದ ಕಟ್ಟಿ ಇಳಿಸುವ ವಿಡಿಯೋ ನೋಡಿದೆ. ಇಲ್ಲಿ ಯಾಕಿಲ್ಲ?

ನ್ಯೂಜಿಲೆಂಡ್, ಕೆನಡಾಗಳಲ್ಲಿ ಅದು ನಿಜ, ಅದರಿಂದ ಇಳಿಜಾರಿನಲ್ಲಿ ಕಾಲ್ನಡಿಗೆಯಲ್ಲಿ ಕೊಯ್ಯುವವರ ಅಪಾಯ ತಗ್ಗಿದೆ. ಆದರೆ ಅಲ್ಲಿ ಹೆಚ್ಚಾಗಿ ಕೊಯ್ಯುವುದು ಇಡೀ ಗುಡ್ಡದ ಒಂದೇ ಪ್ರಾಯದ ಮರಗಳನ್ನು, ನಮ್ಮಂತೆ ತೋಟದ ಮೇಲಿನ ಒಂಟಿ ಮರವನ್ನಲ್ಲ. ಹಗ್ಗ ಇರುವುದು ಯಂತ್ರದ ಹಿಡಿತಕ್ಕೆ ಸಹಾಯವಾಗಲೆಂದು, ಅದನ್ನು ನೇತುಹಾಕಲೆಂದಲ್ಲ. ಆ ವಿಡಿಯೋ ನೋಡಿ ಟ್ರ್ಯಾಕ್ಟರನ್ನು ಗೋಡಂಬಿ ಮರಕ್ಕೆ ಕಟ್ಟಿ ಇಳಿಸಬೇಡಿ.

ಪ್ರಶ್ನೆ: ಬುಡಕ್ಕೆ ತೂತು ಕೊರೆದು ಇಂಗು ತುಂಬಿ, ಮರ ಒಣಗಿದ ಮೇಲೆ ಕಡಿದರೆ ಹಗುರವಾಗುತ್ತದಂತೆ?

ಇದನ್ನು ಹೇಳಿಕೊಟ್ಟವನನ್ನೇ ಆ ಮರದ ಕೆಳಗೆ ಕರೆಯಿರಿ, ಬರುವುದಿಲ್ಲ. ನಿಂತೇ ಸತ್ತ ಮರದಷ್ಟು ಅಪಾಯದ್ದು ಬೇರೆ ಇಲ್ಲ. ಗರಗಸದ ಅದುರಿಗೆ ಒಣಕೊಂಬೆ ತಲೆಯ ಮೇಲೆ ಬೀಳುತ್ತದೆ, ನಾನು ಮೇಲೆ ಹೇಳಿದ ಕೀಲು ಬಾಗದೆ ಪಟ್ಟನೆ ಮುರಿಯುತ್ತದೆ. ಹತ್ತಲೂ ಆಗುವುದಿಲ್ಲ.

ಪ್ರಶ್ನೆ: ಅಮಾವಾಸ್ಯೆಗೆ ಕಡಿದ ಮರಕ್ಕೆ ಹುಳ ಹಿಡಿಯುವುದಿಲ್ಲವೇ?

ಹುಳ ಬರುವುದು ಕಾಂಡದ ಹೊರಸುತ್ತಿನ ಬಿಳಿಮರದಲ್ಲಿರುವ ಪಿಷ್ಟಕ್ಕೆ, ತಿಥಿ ನೋಡಿ ಅಲ್ಲ. ಬೇಗ ಕೊಯ್ಯಿಸಿ, ನೆರಳಲ್ಲಿ ಗಾಳಿಯಾಡುವಂತೆ ಒಟ್ಟಿ. ರಬ್ಬರ್ ಮರವಾದರೆ ಕೆಲವೇ ದಿನಗಳಲ್ಲಿ ಬೋರಾನ್ ಉಪ್ಪಿನ ಉಪಚಾರವಾಗಬೇಕು.

ಪ್ರಶ್ನೆ: ವ್ಯಾಪಾರಿಯ ಅಳತೆಯಲ್ಲಿ ಮೋಸವಿದೆಯೇ?

ನಡುವಿನ ಸುತ್ತಳತೆ 80 ಇಂಚು, ಉದ್ದ 12 ಅಡಿ ಎಂದುಕೊಳ್ಳಿ. ವ್ಯಾಪಾರಿಯ ಲೆಕ್ಕದಲ್ಲಿ ಕಾಲುಸುತ್ತು, ಅಂದರೆ ಸುತ್ತಳತೆಯ ಕಾಲುಭಾಗ, 20, ಅದರ ವರ್ಗ 400, ಅದನ್ನು 12ರಿಂದ ಗುಣಿಸಿ 144ರಿಂದ ಭಾಗಿಸಿದರೆ 33 ಘನ ಅಡಿ ಚಿಲ್ಲರೆ. ನಿಜವಾದ ಗಾತ್ರ 42ಕ್ಕೂ ಹೆಚ್ಚು. ಇದು ಮೋಸವಲ್ಲ, ಪದ್ಧತಿ. ಹಾಗಾಗಿ ದರ ಮಾತಾಡುವ ಮೊದಲೇ ಯಾವ ಅಳತೆ ಎಂದು ಕೇಳಿ. ದಿಮ್ಮಿ ಇಳಿಸುವಾಗ ಮಾತ್ರ ಆ 42ನ್ನೇ ನೆನಪಿಡಿ, ಹಸಿ ಮರವಾದರೆ ಒಂದು ಟನ್ನಿನ ಆಸುಪಾಸು ತೂಗುತ್ತದೆ.

ಪ್ರಶ್ನೆ: ಸರಕಾರದಿಂದ ಪಟ್ಟಾ ಸಿಕ್ಕಿದ ಜಾಗದ ತೇಗ, ಬೀಟೆ ಕಡಿಯಬಹುದೇ?

ಪಟ್ಟಾ ಜಾಗದ ಮರ ಕಡಿಯಲು ಬಿಟ್ಟ ಕೇರಳ ಸರಕಾರದ 2020ರ ಅಕ್ಟೋಬರ್ ಆದೇಶವನ್ನು ನಂಬಿ ಹಲವರು ಕೇಸಿಗೆ ಸಿಕ್ಕಿಬಿದ್ದರು, 2021ರ ಫೆಬ್ರವರಿಯಲ್ಲಿ ಅದು ರದ್ದಾಯಿತು. ಗ್ರಾಮ ಕಚೇರಿಯಿಂದಲೂ ಅರಣ್ಯ ಕಚೇರಿಯಿಂದಲೂ ಲಿಖಿತ ಉತ್ತರ ಕೈಗೆ ಬರುವವರೆಗೆ ಕೊಡಲಿ ಮುಟ್ಟಿಸಬೇಡಿ.

ಪ್ರಶ್ನೆ: ಮರ ಹೋದ ಮೇಲೆ ಬುಡವನ್ನು ಕೀಳಿಸಬೇಕೇ?

ಇಳಿಜಾರಿನಲ್ಲಿ ಬೇಡವೇ ಬೇಡ. ಇಳಿಜಾರಿನ ಮಣ್ಣನ್ನು ಹಿಡಿದಿಟ್ಟಿರುವುದು ಆ ಬೇರು. ಅದು ಕೊಳೆತು ಬಲ ಕಳೆದುಕೊಳ್ಳಲು ಕೆಲವು ವರ್ಷ ಹಿಡಿಯುತ್ತದೆ, ಅಷ್ಟರೊಳಗೆ ಹೊಸ ಬೇರು ಮಣ್ಣು ಹಿಡಿದಿರಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡು ನಮ್ಮದು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ ದಿಮ್ಮಿ ಎಳೆದ ಜಾಡುಗಳಿಗೆ ಅಡ್ಡವಾಗಿ ಕೊಂಬೆ ರೆಂಬೆ ಹಾಸಿ, ಇಲ್ಲದಿದ್ದರೆ ಮಳೆನೀರು ಅದೇ ಜಾಡು ಹಿಡಿದು ತೋಟಕ್ಕೆ ಇಳಿಯುತ್ತದೆ. ಬುಡದ ಎರಡೂ ಬದಿಗೆ ಹೆಬ್ಬಲಸಿನ ಗಿಡಗಳನ್ನೇ ನೆಡಿ.