ಕೇಬಲ್ ತುಂಡಾದರೆ ಸಮುದ್ರದ ತಳದ ಬಾವಿಯನ್ನು ಮುಚ್ಚುವವರು ಯಾರು?

ನೀವು ಕೇಳಿದ್ದು ಮೂರು ವಿಷಯ. ಸಮುದ್ರದ ತಳದಲ್ಲಿರುವ ಎಣ್ಣೆ, ಗ್ಯಾಸ್ ಬಾವಿಯನ್ನು ಎಮರ್ಜೆನ್ಸಿಯಲ್ಲಿ ಯಾರು ಮುಚ್ಚುತ್ತಾರೆ? ಮೇಲಿನಿಂದ ಬರುವ ಕೇಬಲ್ಲೇ ತುಂಡಾದರೆ ಗತಿ ಏನು? ಎಲ್ಲಕ್ಕೂ ಎರಡೆರಡು ಸೆಟ್ ಇಟ್ಟಿರುತ್ತಾರೆ ಅಂದಮೇಲೆ 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ ಕೊರೆಯುತ್ತಿದ್ದ ಬಾವಿ ಯಾಕೆ ಮುಚ್ಚಲಿಲ್ಲ? ಇನ್‌ಸ್ಟ್ರುಮೆಂಟೇಶನ್ ಕೊನೆಯ ವರ್ಷ ಓದುತ್ತಿದ್ದೀರಿ ಅಂತಲೂ ಬರೆದಿದ್ದೀರಿ. ಹಾಗಾಗಿ ಸ್ವಲ್ಪ ಒಳಗೆ ಇಳಿದೇ ಹೇಳುತ್ತೇನೆ. ನಾನು 14 ವರ್ಷದಿಂದ ಇಂಥ ಬಾವಿಗಳ ಕಂಟ್ರೋಲ್ ಮಾಡ್ಯೂಲ್‌ಗಳನ್ನು ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತು: ಸ್ಪ್ರಿಂಗ್.

ಲಾರಿಯ ಏರ್ ಬ್ರೇಕ್ ನೋಡಿದ್ದೀರಲ್ವಾ? ರಾತ್ರಿ ನಿಲ್ಲಿಸಿದ್ದ ಲಾರಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಡ್ರೈವರ್ ಕೂಡಲೇ ಹೊರಡುವುದಿಲ್ಲ, ಗಾಳಿ ತುಂಬುವ ತನಕ ಕಾಯುತ್ತಾನೆ. ಹಿಂದಿನ ಚಕ್ರದ ಪಾರ್ಕಿಂಗ್ ಬ್ರೇಕನ್ನು ಹಿಡಿದಿರುವುದು ಸ್ಪ್ರಿಂಗ್. ಗಾಳಿ ಬಂದು ಆ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿದರೆ ಮಾತ್ರ ಚಕ್ರ ಬಿಡುತ್ತದೆ. ಪೈಪ್ ಒಡೆದು ಗಾಳಿ ಪೂರಾ ಹೋಯಿತು ಅಂದರೆ ಸ್ಪ್ರಿಂಗ್ ತಾನಾಗಿಯೇ ಚಕ್ರ ಹಿಡಿಯುತ್ತದೆ. ಯಾರೂ ಏನೂ ಮಾಡಬೇಕಿಲ್ಲ. ಸಮುದ್ರದ ತಳದ ವಾಲ್ವ್ ಕೂಡ ಹೀಗೇ. ಗಾಳಿಯ ಬದಲು ಅಲ್ಲಿ ಹೈಡ್ರಾಲಿಕ್ ದ್ರವ ಇರುತ್ತದೆ, ಸಾಮಾನ್ಯವಾಗಿ ನೀರು ಮತ್ತು ಗ್ಲೈಕಾಲ್ ಬೆರೆಸಿದ್ದು. ಒತ್ತಡ ಇರುವಷ್ಟು ಹೊತ್ತು ವಾಲ್ವ್ ತೆರೆದಿರುತ್ತದೆ. ಒತ್ತಡ ಹೋದರೆ ಸ್ಪ್ರಿಂಗ್ ಮುಚ್ಚುತ್ತದೆ.

ಬಾವಿಯ ಬಾಯಿಯ ಮೇಲೆ ಕೂರುವ ವಾಲ್ವ್‌ಗಳ ಗೊಂಚಲಿಗೆ ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ. ಅದರ ಪಕ್ಕದಲ್ಲೇ ಕಂಟ್ರೋಲ್ ಮಾಡ್ಯೂಲ್ ಇರುತ್ತದೆ. ಅದರೊಳಗೆ ಎ ಮತ್ತು ಬಿ ಅಂತ ಎರಡು ಎಲೆಕ್ಟ್ರಾನಿಕ್ ಚಾನೆಲ್, ಜೊತೆಗೆ ದೊಡ್ಡ ವಾಲ್ವ್‌ಗಳಿಗೆ ದ್ರವ ಬಿಡುವ, ಕರೆಂಟಿನ ಕಾಯಿಲ್‌ನಿಂದ ನಡೆಯುವ ಸಣ್ಣ ಸಣ್ಣ ಸೊಲೆನಾಯ್ಡ್ ವಾಲ್ವ್‌ಗಳು. ಮೇಲಿನಿಂದ ಕರೆಂಟ್, ಸಿಗ್ನಲ್, ಹೈಡ್ರಾಲಿಕ್ ದ್ರವ ಎಲ್ಲವೂ ಒಂದೇ ದಪ್ಪ ಹಗ್ಗದಂಥ ಕೊಳವೆಯಲ್ಲಿ ಬರುತ್ತವೆ. ಅದಕ್ಕೆ ಅಂಬಿಲಿಕಲ್ ಅಂತ ಹೆಸರು, ಅಂದರೆ ಹೊಕ್ಕುಳ ಬಳ್ಳಿ. ನಮ್ಮ ದೇಶದಲ್ಲೇ ಇದೆ ನೋಡಿ. ಆಂಧ್ರದ ಕರಾವಳಿಯಾಚೆ ಕೆಜಿ-ಡಿ6 ಬ್ಲಾಕಿನ ಆರ್ ಕ್ಲಸ್ಟರ್ ಎಂಬ ಗ್ಯಾಸ್ ಫೀಲ್ಡ್ 2020ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಲ್ಲಿ ನೀರಿನ ಆಳ 2,000 ಮೀಟರ್‌ಗಿಂತ ಜಾಸ್ತಿ. ಮುಳುಗುಗಾರ ಹೋಗಿ ಕೈಯಿಂದ ಚಕ್ರ ತಿರುಗಿಸುವ ಮಾತೇ ಇಲ್ಲ. ರೋಬಾಟ್ ಇಳಿಸಬಹುದು, ಆದರೆ ಅದಕ್ಕೆ ಹಡಗು ಬೇಕು, ಹವಾಮಾನ ಸರಿ ಇರಬೇಕು.

ಈಗ ಎರಡನೆಯ ಪ್ರಶ್ನೆ. ತುಂಡಾದದ್ದು ಏನು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಬರೀ ಕರೆಂಟ್ ಹೋದರೆ ಎಷ್ಟೋ ಸಿಸ್ಟಂಗಳಲ್ಲಿ ಬಾವಿ ಕೂಡಲೇ ನಿಲ್ಲುವುದಿಲ್ಲ, ಏಕೆಂದರೆ ಆ ಸೊಲೆನಾಯ್ಡ್‌ಗೆ ತೆರೆಯಲು ಒಂದು ಕ್ಷಣದ ಪಲ್ಸ್ ಸಾಕು, ಆಮೇಲೆ ಅದು ಹೈಡ್ರಾಲಿಕ್ ಒತ್ತಡದಿಂದಲೇ ತೆರೆದುಕೊಂಡು ನಿಂತಿರುತ್ತದೆ. ಹೈಡ್ರಾಲಿಕ್ ಒತ್ತಡ ಇಳಿದರೆ ಮಾತ್ರ ಅದೂ ಬಿಟ್ಟುಕೊಳ್ಳುತ್ತದೆ, ಅದರ ಹಿಂದೆ ದೊಡ್ಡ ವಾಲ್ವ್ ಮುಚ್ಚುತ್ತದೆ. ಪೂರಾ ಅಂಬಿಲಿಕಲ್ ಹರಿದರೆ ಎಲ್ಲವೂ ಮುಚ್ಚುತ್ತದೆ. ಕಾಗದದ ಮೇಲೆ ಇಷ್ಟು ಸುಲಭ.

ಸಮುದ್ರದಲ್ಲಿ ಒಂದು ತೊಡಕಿದೆ, ನೀವು ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ಪ್ರತಿ 10 ಮೀಟರ್ ನೀರಿಗೆ ಸುಮಾರು 1 ಬಾರ್ ಒತ್ತಡ. 2,000 ಮೀಟರ್ ಕೆಳಗೆ 200 ಬಾರ್. ಅಲ್ಲಿ "ಒತ್ತಡ ಬಿಡುವುದು" ಅಂದರೆ ಸೊನ್ನೆಗೆ ಇಳಿಸುವುದು ಅಂತ ಅರ್ಥವಲ್ಲ, ಸುತ್ತಲಿನ ಸಮುದ್ರದ ಒತ್ತಡಕ್ಕೆ ಇಳಿಸುವುದು. ಬಾವಿಯೊಳಗೆ, ಸಮುದ್ರದ ನೆಲದಿಂದಲೂ ನೂರಾರು ಮೀಟರ್ ಕೆಳಗೆ, ಕೊನೆಯ ರಕ್ಷಣೆಗೆ ಅಂತ ಇನ್ನೊಂದು ಸೇಫ್ಟಿ ವಾಲ್ವ್ ಇರುತ್ತದೆ. ಅದಕ್ಕೆ ಹೋಗುವ ತೆಳು ಪೈಪಿನಲ್ಲಿ ದ್ರವ ತುಂಬಿಕೊಂಡೇ ಇರುತ್ತದೆ. ಮೇಲೆ ಒತ್ತಡ ಬಿಟ್ಟರೂ ಆ ಕಂಬದಷ್ಟು ದ್ರವದ ಭಾರ ವಾಲ್ವನ್ನು ತೆರೆಯುವ ಕಡೆಗೇ ಒತ್ತುತ್ತಿರುತ್ತದೆ. ಸ್ಪ್ರಿಂಗ್ ಆ ಭಾರವನ್ನೂ ಎತ್ತಿ ಮುಚ್ಚಬೇಕು. ಆಳ ಹೆಚ್ಚಿದ ಹಾಗೆ ಸ್ಪ್ರಿಂಗ್ ಬಲ ಹೆಚ್ಚಬೇಕು, ಅದನ್ನು ತೆರೆದು ಹಿಡಿಯುವ ಒತ್ತಡವೂ ಹೆಚ್ಚಬೇಕು. "ಕೆಟ್ಟರೆ ತಾನಾಗಿ ಮುಚ್ಚುತ್ತದೆ" ಅನ್ನುವ ಭರವಸೆ ಪ್ರತಿ ಬಾವಿಯ ಆಳಕ್ಕೆ ತಕ್ಕ ಹಾಗೆ ಹೊಸದಾಗಿ ಲೆಕ್ಕ ಹಾಕಿ ಪಡೆಯಬೇಕಾದದ್ದು.

ದೂರವೂ ಸಮಸ್ಯೆಯೇ. ನಾರ್ವೆಯ ಸ್ನೋವಿಟ್ ಗ್ಯಾಸ್ ಫೀಲ್ಡ್‌ನಲ್ಲಿ ನೀರಿನ ಮೇಲೆ ಒಂದು ಪ್ಲಾಟ್‌ಫಾರ್ಮ್ ಕೂಡ ಇಲ್ಲ. 143 ಕಿಲೋಮೀಟರ್ ದೂರದ ಮೆಲ್ಕೊಯಾ ದ್ವೀಪದಿಂದಲೇ ಎಲ್ಲ ನಡೆಯುತ್ತದೆ. ಸಿಗ್ನಲ್ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ, ಆದರೆ ಉದ್ದನೆಯ ಸಣ್ಣ ಕೊಳವೆಯಲ್ಲಿ ಹೈಡ್ರಾಲಿಕ್ ಒತ್ತಡ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕೇ ಇಂಥ ಕಡೆ ಒತ್ತಡವನ್ನು ಬಾವಿಯ ಪಕ್ಕದಲ್ಲೇ ಬಿಡುವ ವ್ಯವಸ್ಥೆ ಬೇಕು. ನೆದರ್‌ಲ್ಯಾಂಡ್ಸ್‌ನ ಕೆ5ಎಫ್ ಎಂಬಲ್ಲಿ 2008ರಲ್ಲಿ ಹೈಡ್ರಾಲಿಕ್ ಬಿಟ್ಟು ಪೂರ್ತಿ ಕರೆಂಟಿನಿಂದ ನಡೆಯುವ ಟ್ರೀಗಳು ಬಂದವು, 2016ರಲ್ಲಿ ಅಲ್ಲಿಯೇ ಬಾವಿಯೊಳಗಿನ ಸೇಫ್ಟಿ ವಾಲ್ವ್ ಕೂಡ ಎಲೆಕ್ಟ್ರಿಕ್ ಆಯಿತು. ಮುಂದಿನ ದಾರಿ ಅದೇ ಅಂತ ನನಗನ್ನಿಸುತ್ತದೆ.

ಇನ್ನು ಡೀಪ್‌ವಾಟರ್ ಹೊರೈಜನ್. ಇದನ್ನು ಸಮಾಧಾನದಿಂದ ಓದಿ, ಏಕೆಂದರೆ ಹೆಚ್ಚಿನವರು "ಬಿಒಪಿ ಕೈಕೊಟ್ಟಿತು" ಅಂತ ಒಂದು ಸಾಲು ಹೇಳಿ ಮುಗಿಸುತ್ತಾರೆ.

ಬಾವಿ ಕೊರೆಯುವಾಗ ಅದರ ಬಾಯಿಯ ಮೇಲೆ ಇಡುವ ದೈತ್ಯ ಯಂತ್ರವೇ ಬಿಒಪಿ, ಅಂದರೆ ಬ್ಲೋಔಟ್ ಪ್ರಿವೆಂಟರ್. ಅದರಲ್ಲಿ ಪೈಪನ್ನು ಕತ್ತರಿಸಿ ಬಾವಿಯನ್ನು ಮುಚ್ಚುವ ಬ್ಲೇಡುಗಳಿವೆ, ಶಿಯರ್ ರ‍್ಯಾಮ್ ಅನ್ನುತ್ತಾರೆ. ದಪ್ಪ ಉಕ್ಕಿನ ಪೈಪ್ ಕತ್ತರಿಸುವಷ್ಟು ಬಲ ಸ್ಪ್ರಿಂಗಿನಿಂದ ಬರುವುದಿಲ್ಲ. ಅದೂ ಅಲ್ಲದೆ ಕೊರೆಯುವ ಮಧ್ಯೆ ಕರೆಂಟ್ ಹೋಯಿತು ಅಂತ ಅದು ಸುಮ್ನೆ ಪೈಪ್ ಕತ್ತರಿಸಿಬಿಟ್ಟರೆ ಅದೇ ಇನ್ನೊಂದು ಅಪಾಯ. ಹಾಗಾಗಿ ಇಲ್ಲಿ ಲಾರಿ ಬ್ರೇಕಿನ ನಿಯಮ ನಡೆಯುವುದಿಲ್ಲ. ಮುಚ್ಚಲು ಶಕ್ತಿ ಬೇಕು, ಆದೇಶವೂ ಬೇಕು. ಶಕ್ತಿಯನ್ನು ಕೆಳಗೇ ಸಿಲಿಂಡರುಗಳಲ್ಲಿ ಒತ್ತಡದ ರೂಪದಲ್ಲಿ ಕೂಡಿಡುತ್ತಾರೆ. ಆದೇಶ ಕೊಡಲು ನೀಲಿ, ಹಳದಿ ಅಂತ ಎರಡು ಕಂಟ್ರೋಲ್ ಪಾಡ್. ಮೇಲಿನಿಂದ ಕರೆಂಟ್, ಸಿಗ್ನಲ್, ಹೈಡ್ರಾಲಿಕ್ ಎಲ್ಲವೂ ಹೋದರೆ ಪಾಡ್ ತನ್ನ ಸ್ವಂತ ಬ್ಯಾಟರಿಯಿಂದ ಶಿಯರ್ ರ‍್ಯಾಮ್ ಮುಚ್ಚಬೇಕು. ಇದಕ್ಕೆ ಡೆಡ್‌ಮ್ಯಾನ್ ಅಂತ ಹೆಸರು. ಮನೆಯ ಯುಪಿಎಸ್ ಇದ್ದ ಹಾಗೆ. ಅದರ ಬ್ಯಾಟರಿ ಸತ್ತಿದೆ ಅಂತ ನಮಗೆ ಗೊತ್ತಾಗುವುದು ಯಾವತ್ತು? ಕರೆಂಟ್ ಹೋದ ದಿನ.

2010ರ ಏಪ್ರಿಲ್ 20ರ ರಾತ್ರಿ ಸ್ಫೋಟವಾಯಿತು. 11 ಜನ ಸತ್ತರು. ರಿಗ್ಗಿನ ಬ್ರಿಜ್‌ನಲ್ಲಿ, ಅಂದರೆ ಅದನ್ನು ನಡೆಸುವ ಕೋಣೆಯಲ್ಲಿ, ಎಮರ್ಜೆನ್ಸಿ ಡಿಸ್‌ಕನೆಕ್ಟ್ ಬಟನ್ ಒತ್ತಿದರೂ ರಿಗ್ ಬಾವಿಯಿಂದ ಕಳಚಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ರಿಗ್ ಮುಳುಗಿತು. ಬಾವಿಯಿಂದ ಹರಿವು ನಿಂತದ್ದು ಜುಲೈ 15ಕ್ಕೆ, 87 ದಿನದ ನಂತರ. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2014ರಲ್ಲಿ ಕೊಟ್ಟ ವರದಿಯಲ್ಲಿ ಆ ಪಾಡುಗಳ ಕಥೆ ಇದೆ, ಅದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೀಲಿ ಪಾಡಿನಲ್ಲಿ ವೈರಿಂಗ್ ತಪ್ಪಿತ್ತು. ಅದರಿಂದ ಬ್ಯಾಟರಿ ಖಾಲಿಯಾಗಿ ಆ ಪಾಡು ಕೆಲಸಕ್ಕೆ ಬಾರದಂತಾಗಿತ್ತು. ಹಳದಿ ಪಾಡಿನಲ್ಲೂ ವೈರಿಂಗ್ ತಪ್ಪಿತ್ತು, ಬೇರೆ ಬಗೆಯ ತಪ್ಪು. ಅಲ್ಲಿನ ಒಂದು ಮುಖ್ಯ ಸೊಲೆನಾಯ್ಡ್‌ಗೆ ಎರಡು ಕಾಯಿಲ್, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಅದರಲ್ಲಿ ಒಂದು ಕಾಯಿಲ್‌ಗೆ ವೈರ್ ಉಲ್ಟಾ ಹಾಕಿದ್ದರು. ಎರಡಕ್ಕೂ ಒಟ್ಟಿಗೆ ಕರೆಂಟ್ ಹೋದರೆ ಒಂದು ಎಳೆಯುವುದನ್ನು ಇನ್ನೊಂದು ಅಳಿಸಿಹಾಕುತ್ತದೆ, ವಾಲ್ವ್ ಅಲ್ಲಾಡುವುದಿಲ್ಲ. ಆದರೆ ಆ ರಾತ್ರಿ ಹಳದಿ ಪಾಡಿನ ಒಂದು ಬ್ಯಾಟರಿಯೂ ಸತ್ತಿತ್ತು. ಹಾಗಾಗಿ ಎರಡರಲ್ಲಿ ಒಂದೇ ಕಾಯಿಲ್‌ಗೆ ಕರೆಂಟ್ ಹೋಗಿ, ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿಮಾಡಿ, ಡೆಡ್‌ಮ್ಯಾನ್ ಕೆಲಸ ಮಾಡಿರಬೇಕು ಅಂತ ಬೋರ್ಡಿನ ತೀರ್ಮಾನ. ಬ್ಲೇಡುಗಳು ಚಲಿಸಿದವು. ಆದರೆ ಒಳಗಿನ, ಹೊರಗಿನ ಒತ್ತಡದ ವ್ಯತ್ಯಾಸಕ್ಕೆ ಪೈಪ್ ಅಷ್ಟರಲ್ಲೇ ಬಾಗಿ ಒಂದು ಪಕ್ಕಕ್ಕೆ ಸರಿದಿತ್ತು. ಬ್ಲೇಡ್ ಅದನ್ನು ಪೂರ್ತಿ ಕತ್ತರಿಸದೆ ತೂತು ಮಾಡಿತು.

ಈ ಉಲ್ಟಾ ಕಾಯಿಲ್ ಬಗ್ಗೆ ಸ್ವಲ್ಪ ಯೋಚಿಸಿ. ಒಂದೊಂದೇ ಕಾಯಿಲ್ ಟೆಸ್ಟ್ ಮಾಡಿದರೆ? ಎರಡೂ ಪಾಸ್. ಉಲ್ಟಾ ಕರೆಂಟ್ ಕೊಟ್ಟರೂ ಕಾಯಿಲ್ ಕಬ್ಬಿಣವನ್ನು ಎಳೆಯುತ್ತದೆ. ಒಟ್ಟಿಗೆ ಕೊಟ್ಟಾಗ ಮಾತ್ರ ಬಣ್ಣ ಬಯಲಾಗುತ್ತದೆ.

ನನಗೆ ಆದ ಅನುಭವ ಇದಕ್ಕೆ ತಿರುಗುಮುರುಗು. ತುಂಬಾ ಹಿಂದೆ ನಾನಿದ್ದ ಒಂದು ವರ್ಕ್‌ಶಾಪಿನಲ್ಲಿ ಮಾಡ್ಯೂಲ್ ಟೆಸ್ಟ್ ಮಾಡುವಾಗ ಎ, ಬಿ ಎರಡೂ ಚಾನೆಲ್ ಆನ್ ಇಟ್ಟೇ ಮಾಡುತ್ತಿದ್ದೆವು, ಸಮಯ ಉಳಿಯುತ್ತದೆ ಅಂತ. ಟೆಸ್ಟ್ ಬೆಂಚಿನಲ್ಲಿ ನಾವು ವಾಲ್ವನ್ನು ಕಣ್ಣಿನಿಂದ ನೋಡುವುದಿಲ್ಲ, ಒತ್ತಡದ ಗ್ರಾಫ್ ನೋಡುತ್ತೇವೆ. ಒತ್ತಡ ಬಿಟ್ಟ ಕೂಡಲೇ ಗೀಟು ಕಡಿದಾಗಿ ಇಳಿಯುತ್ತದೆ, ನಡುವೆ ಸ್ವಲ್ಪ ಹೊತ್ತು ಸಮತಟ್ಟಾಗಿ ನಿಲ್ಲುತ್ತದೆ, ಆಮೇಲೆ ಮತ್ತೆ ಇಳಿಯುತ್ತದೆ. ಆ ಸಮತಟ್ಟು ಜಾಗವೇ ಸ್ಪ್ರಿಂಗ್ ಚಲಿಸಿದ ಗುರುತು. ಎರಡು ಕಿಲೋಮೀಟರ್ ಕೆಳಗಿನ ವಾಲ್ವ್ ಮುಚ್ಚಿತೋ ಇಲ್ಲವೋ ಅಂತ ಮೇಲೆ ಕೂತವರಿಗೆ ತಿಳಿಯುವುದೂ ಎಷ್ಟೋ ಸಲ ಈ ಗೀಟಿನಿಂದಲೇ. ಅವತ್ತಿನ ಗೀಟುಗಳೆಲ್ಲ ಚೆನ್ನಾಗಿದ್ದವು. ಮಾಡ್ಯೂಲ್ ಪಾಸ್ ಆಗಿ ಪ್ಯಾಕಿಂಗಿಗೂ ಹೋಯಿತು. ಸಾಫ್ಟ್‌ವೇರಿನ ಬೇರೊಂದು ಕೆಲಸಕ್ಕೆ ಅದನ್ನು ವಾಪಸ್ ತಂದಾಗ ನಾನು ಎ ಚಾನೆಲ್ ಫ್ಯೂಸ್ ತೆಗೆದಿಟ್ಟು ಬಿ ಮೇಲೆ ಓಪನ್ ಕಮಾಂಡ್ ಕೊಟ್ಟೆ. ಗ್ರಾಫ್ ಅಲ್ಲಾಡಲಿಲ್ಲ. ಮತ್ತೆ ಕೊಟ್ಟೆ. ಊಹೂಂ. ಬಿಚ್ಚಿ ನೋಡಿದರೆ ಬಿ ಕನೆಕ್ಟರಿನ ಒಂದು ಪಿನ್ ಪೂರ್ತಿ ಒಳಗೆ ಕೂತಿರಲಿಲ್ಲ, ಒಂದು ಮಿಲಿಮೀಟರ್ ಹಿಂದೆ ನಿಂತಿತ್ತು. ಅದು ಹಾಗೇ ಸಮುದ್ರಕ್ಕೆ ಇಳಿದಿದ್ದರೆ ಎ ಚಾನೆಲ್ ಕೆಡುವ ದಿನದವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಟೆಸ್ಟ್ ಶೀಟಿನಲ್ಲಿ ಅವತ್ತಿನಿಂದ ಮೂರು ಕಾಲಂ: ಎ ಮಾತ್ರ, ಬಿ ಮಾತ್ರ, ಎರಡೂ ಒಟ್ಟಿಗೆ. ನಾನು ಆಮೇಲೆ ಹೋದ ಕಡೆಯೆಲ್ಲ ಈ ಮೂರು ಕಾಲಂ ಇದೆಯಾ ಅಂತಲೇ ಮೊದಲು ಕೇಳಿದ್ದೇನೆ.

"ಎರಡೆರಡು ಸೆಟ್ ಇದ್ದರೂ ಯಾಕೆ" ಅಂತ ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ಎರಡನೆಯದು ಬದುಕಿದೆ ಅಂತ ಟೆಸ್ಟ್ ಮಾಡಿ ತೋರಿಸುವ ತನಕ ನಿಮ್ಮ ಹತ್ತಿರ ಇರುವುದು ಒಂದೇ ಅಂತ ಲೆಕ್ಕ. ಕೆಲವು ಸಲ ಅದೂ ಇಲ್ಲ.

ಕಾಲೇಜಿನಲ್ಲಿ ಐಇಸಿ 61508 ಎಂಬ ಸುರಕ್ಷತಾ ಮಾನದಂಡ ಮತ್ತು ಅದರಲ್ಲಿ ಬರುವ ಎಸ್‌ಐಎಲ್, ಅಂದರೆ ಸೇಫ್ಟಿ ವ್ಯವಸ್ಥೆಯನ್ನು ಎಷ್ಟು ನಂಬಬಹುದು ಅನ್ನುವ ಮಟ್ಟ, ಹೇಳಿಕೊಟ್ಟಿರುತ್ತಾರೆ. ಎಸ್‌ಐಎಲ್ 2 ಅಂದರೆ ಬೇಕಾದ ಹೊತ್ತಿಗೆ ಕೈಕೊಡುವ ಸಂಭವ 0.01ಕ್ಕಿಂತ ಕಡಿಮೆ ಇರಬೇಕು. ಎಲ್ಲರೂ ಅದನ್ನು ವಾಲ್ವಿನ ಗುಣ ಅಂತ ಅಂದುಕೊಳ್ಳುತ್ತಾರೆ, ಡೇಟಾಶೀಟಿನಲ್ಲಿ ಬರೆದಿದೆಯಲ್ಲ ಅಂತ. ಒಂದು ಉದಾಹರಣೆಗೆ, ಒಂದು ವಾಲ್ವ್ ಯಾರಿಗೂ ಗೊತ್ತಾಗದ ಹಾಗೆ ಕೆಡುವ ಪ್ರಮಾಣ ವರ್ಷಕ್ಕೆ 0.01 ಅಂತ ಹಿಡಿಯಿರಿ. ಸರಾಸರಿ ಸಂಭವ ಅಂದರೆ ಆ ಪ್ರಮಾಣವನ್ನು ಟೆಸ್ಟಿನ ಅಂತರದಿಂದ ಗುಣಿಸಿ ಅರ್ಧ ಮಾಡಿದ್ದು. ವರ್ಷಕ್ಕೊಮ್ಮೆ ಟೆಸ್ಟ್ ಮಾಡಿದರೆ 0.005, ಅಂದರೆ ಎಸ್‌ಐಎಲ್ 2. ಅದೇ ವಾಲ್ವನ್ನು ಐದು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿದರೆ 0.025, ಎಸ್‌ಐಎಲ್ 1ಕ್ಕೆ ಇಳಿಯಿತು. ವಾಲ್ವ್ ಅದೇ, ಸ್ಪ್ರಿಂಗ್ ಅದೇ. ಬದಲಾದದ್ದು ಟೆಸ್ಟಿನ ದಿನಾಂಕ ಮಾತ್ರ. ಬಾವಿ ಮುಚ್ಚಿ ಟೆಸ್ಟ್ ಮಾಡಿದರೆ ಅಷ್ಟು ಹೊತ್ತು ಉತ್ಪಾದನೆ ನಿಲ್ಲುತ್ತದೆ. ಹಾಗಾಗಿ "ಮುಂದಿನ ತಿಂಗಳು ಮಾಡೋಣ" ಅನ್ನುವ ಒತ್ತಡ ಯಾವಾಗಲೂ ಇರುತ್ತದೆ. ಆ ಮಾತಿಗೆ ಒಪ್ಪಬೇಡಿ. ಒಪ್ಪದೆ ಇರುವುದು ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಕೊನೆಯಲ್ಲಿ ಪ್ರಾಜೆಕ್ಟ್‌ಗೆ ಏನು ಮಾಡಲಿ ಅಂತ ಕೇಳಿದ್ದಿರಿ. ದೊಡ್ಡ ಸಿಮ್ಯುಲೇಶನ್ ಆಮೇಲೆ ಮಾಡಿ. ಮೊದಲು ಒಂದು ದಪ್ಪ ಕಬ್ಬಿಣದ ಮೊಳೆ ತಗೊಳ್ಳಿ. ಅದಕ್ಕೆ ಇನ್ಸುಲೇಶನ್ ಇರುವ ತಾಮ್ರದ ತಂತಿಯಲ್ಲಿ ಎರಡು ಬೇರೆ ಬೇರೆ ಕಾಯಿಲ್ ಒಂದೇ ದಿಕ್ಕಿನಲ್ಲಿ ಸುತ್ತಿ, ಎರಡಕ್ಕೂ ಸುತ್ತು ಅಷ್ಟಷ್ಟೇ ಇರಲಿ. ಒಂದೊಂದಕ್ಕೆ ಒಂದೊಂದು ಬ್ಯಾಟರಿ, ಒಂದೊಂದು ಸ್ವಿಚ್. ಎರಡನೆಯ ಕಾಯಿಲ್‌ನ ವೈರನ್ನು ಉಲ್ಟಾ ಹಾಕಿ. ಮೊದಲ ಸ್ವಿಚ್ ಒತ್ತಿದರೆ ಗುಂಡುಪಿನ್ನುಗಳು ಮೊಳೆಗೆ ಅಂಟಿಕೊಳ್ಳುತ್ತವೆ. ಅದನ್ನು ಆಫ್ ಮಾಡಿ ಎರಡನೆಯದನ್ನು ಒತ್ತಿ, ಆಗಲೂ ಅಂಟಿಕೊಳ್ಳುತ್ತವೆ. ಈಗ ಮೊದಲನೆಯದನ್ನೂ ಆನ್ ಮಾಡಿ. ಹೆಚ್ಚುಕಡಿಮೆ ಎಲ್ಲ ಪಿನ್ನುಗಳೂ ಮೇಜಿನ ಮೇಲೆ ಉದುರುತ್ತವೆ.