ಜಿಪಿಜಿ ಎಂಬ ಎನ್‌ಕ್ರಿಪ್ಷನ್ ತಂತ್ರಾಂಶದಲ್ಲಿ ಕೀ ಇದ್ದರೂ ಥಂಡರ್‌ಬರ್ಡ್‌ನಲ್ಲಿ ಮೇಲ್‌ಗೆ ಡಿಜಿಟಲ್ ಸಹಿ ಏಕೆ ಬೀಳುತ್ತಿಲ್ಲ?

2020ರ 78ನೇ ಆವೃತ್ತಿಯಿಂದ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್ ಎನಿಗ್‌ಮೇಲ್ ಆಡ್‌ಆನ್ ಕೈಬಿಟ್ಟು ಓಪನ್‌ಪಿಜಿಪಿಯನ್ನು (ಮೇಲ್‌ಗೆ ಸಹಿ, ಎನ್‌ಕ್ರಿಪ್ಷನ್ ಮಾಡುವ ಮಾನದಂಡ) ತನ್ನೊಳಗೇ ಸೇರಿಸಿಕೊಂಡಿದೆ. ಅದರ ಕೀ ಸಂಗ್ರಹವೇ ಬೇರೆ. ಜಿಪಿಜಿಯಲ್ಲಿರುವ ಕೀ ಅದಕ್ಕೆ ತಾನಾಗಿ ಕಾಣುವುದಿಲ್ಲ.

ಜಿಪಿಜಿಯಿಂದ ಸೀಕ್ರೆಟ್ ಕೀಯನ್ನೇ (ನಿಮ್ಮ ಬಳಿ ಮಾತ್ರ ಇರಬೇಕಾದ, ಸಹಿ ಹಾಕುವ ಕೀ) ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ. ಇತರರಿಗೆ ಕೊಡುವ ಪಬ್ಲಿಕ್ ಕೀಯನ್ನಷ್ಟೇ ತಂದರೆ ಸಹಿ ಮಾಡಲಾಗದು, ಹೆಚ್ಚಿನವರು ಎಡವುವುದು ಇಲ್ಲೇ. ಟೂಲ್ಸ್ ಮೆನುವಿನ ಓಪನ್‌ಪಿಜಿಪಿ ಕೀ ಮ್ಯಾನೇಜರ್‌ನಲ್ಲಿ ಅದನ್ನು ಇಂಪೋರ್ಟ್ ಮಾಡಿ, ಬಳಿಕ ಅಕೌಂಟ್ ಸೆಟ್ಟಿಂಗ್ಸ್‌ನ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಪುಟದಲ್ಲಿ ಆ ಕೀ ಆರಿಸಿ. ಆರಿಸದಿದ್ದರೆ ಇಂಪೋರ್ಟ್ ಮಾಡಿದ್ದೂ ದಂಡ. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಅಳಿಸಿಬಿಡಿ.

ಇಷ್ಟಾದರೂ ಆಗದಿದ್ದರೆ ಎರಡು ಅನುಮಾನ: ಕೀಯಲ್ಲಿರುವ ಇಮೇಲ್ ವಿಳಾಸ ಖಾತೆಯದಕ್ಕೆ ತಾಳೆಯಾಗುತ್ತಿಲ್ಲ, ಇಲ್ಲವೇ ಕೀಯ ಅವಧಿ ಮುಗಿದಿದೆ. ಅವಧಿಯನ್ನು ಮುಂದೂಡಬಹುದು, ಹೊಸ ಕೀ ಬೇಕಿಲ್ಲ. ಸಹಿಗಷ್ಟೇ ಆದರೆ ಎದುರಿನವರ ಕೀ ಹುಡುಕುವ ಅಗತ್ಯವೂ ಇಲ್ಲ.